ಹಂಡೆಯಿಂದ ಗೀಸರಿಗೆ: ಮಂಗಳೂರಿನ ಬಿಸಿನೀರಿನ ಚರಿತ್ರೆ

ಹಳಗನ್ನಡದಲ್ಲಿ ಬಿಸಿನೀರಿಗೆ 'ಬೆನ್ನೀರ್' ಎಂಬ ಶಬ್ದವಿತ್ತು. ತಮಿಳಿನಲ್ಲಿ ಅದರ ಸೋದರ ಶಬ್ದವಾದ 'ವೆನ್ನೀರ್' ಇಂದಿಗೂ ಬಳಕೆಯಲ್ಲಿದೆ. ತುಳುವಿನಲ್ಲಿ ಅದೇ ಬಳಗದ 'ಬೆಂದ್ರ್' ಮನೆಮಾತಾಗಿ ಉಳಿದಿದೆ. ಕನ್ನಡದಲ್ಲಿ ತಣ್ಣೀರು ಉಳಿಯಿತು, ಪನ್ನೀರು ಉಳಿಯಿತು, ಕಣ್ಣೀರಂತೂ ಹೋಗುವಂತಿಲ್ಲ; ಬೆನ್ನೀರು ಮಾತ್ರ ಆಡುಮಾತಿನಿಂದ ಮೆಲ್ಲನೆ ಸರಿದು ಬಿಸಿನೀರಿಗೆ ಎಡೆಗೊಟ್ಟಿತು. ಬೇಯು, ಬೇಗೆ, ಬೆಚ್ಚಗೆ, ಬೆಂಕಿ ಎಂಬ ಮಾತುಗಳ ಸಾಲಿನಲ್ಲಿ ಬೆನ್ನೀರನ್ನು ಇಟ್ಟು ನೋಡಿದರೆ, ಆ ಶಬ್ದದ ಒಡಲಿನಲ್ಲಿಯೇ ಬೆಂಕಿ ಇದ್ದುದು ತಿಳಿಯುತ್ತದೆ. ಬೆಂದ ನೀರೇ ಬೆನ್ನೀರು.

ಇಂದು ಮಂಗಳೂರಿನ ಯಾವ ಮನೆಯಲ್ಲಿ ವಿಚಾರಿಸಿದರೂ ಬಿಸಿನೀರಿಗೆ ಸಂಬಂಧಿಸಿ ಮೊದಲು ಕೇಳಿಬರುವ ಶಬ್ದ 'ಗೀಸರ್'. ಇದು ಬಲು ದೂರದಿಂದ ಬಂದದ್ದು. ಐಸ್‌ಲ್ಯಾಂಡಿನಲ್ಲಿ ನೆಲದೊಳಗಿಂದ ಚಿಮ್ಮುವ ಒಂದು ಬಿಸಿನೀರಿನ ಬುಗ್ಗೆಗೆ 'ಗೇಸಿರ್' ಎಂದು ಹೆಸರು. ಚಿಮ್ಮು, ಉಕ್ಕು ಎಂಬರ್ಥದ ಅಲ್ಲಿಯ ಕ್ರಿಯಾಪದದಿಂದ ಹುಟ್ಟಿದ ಹೆಸರದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬವನು ಗ್ಯಾಸಿನ ಉರಿಯಿಂದ ಒಡನೆಯೇ ನೀರು ಕಾಯಿಸುವ ಯಂತ್ರವೊಂದನ್ನು ರೂಪಿಸಿ ಅದಕ್ಕೆ ಈ ಹೆಸರನ್ನೇ ಇಟ್ಟನು. ಅಂತೂ ಒಂದು ಬುಗ್ಗೆಯ ಅಂಕಿತನಾಮ ಯಂತ್ರದ ನಾಮವಾಗಿ ನಮ್ಮ ಬಚ್ಚಲುಮನೆಯ ಗೋಡೆಯನ್ನೇರಿತು. ಬುಗ್ಗೆಯ ಹೆಸರಿಗಾಗಿ ತುಳುನಾಡು ಐಸ್‌ಲ್ಯಾಂಡಿನವರೆಗೆ ಹೋಗಬೇಕಾಗಿರಲಿಲ್ಲ. ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ ಹೊಳೆಯ ಬದಿಗೆ ನೆಲದಿಂದಲೇ ಬೆಚ್ಚನೆಯ ನೀರು ಒಸರುವ ಎಡೆಯಿದೆ. ಅದರ ಹೆಸರು 'ಬೆಂದ್ರು ತೀರ್ಥ'.

ಬೆಂದ್ರಿಗೂ ಗೀಸರಿಗೂ ನಡುವೆ ಈ ನಗರದ ಸಾಮಾಜಿಕ ಚರಿತ್ರೆಯ ಒಂದು ಅಧ್ಯಾಯವೇ ಅಡಗಿದೆ. ಬಸದಿ, ಕೋಟೆ, ಶಾಸನಗಳನ್ನು ಕುರಿತು ಬೇಕಾದಷ್ಟು ಬರೆದಿರುವ ನಾವು ಬಚ್ಚಲುಮನೆಯತ್ತ ಕಣ್ಣು ಹಾಯಿಸಿದ್ದು ಕಡಿಮೆ. ಈ ಲೇಖನ ಕೇಳಬಯಸುವ ಪ್ರಶ್ನೆ ಸರಳವಾದುದು: ಮಿಂದವರು ಯಾರೆಂಬುದು ಗೊತ್ತಿದೆ, ಬೆಂಕಿ ಯಾರ ಕೈಯಲ್ಲಿತ್ತು?

ಹಂಡೆಯ ಮನೆ

ತುಳುನಾಡಿನ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಪ್ರಧಾನ ಕಟ್ಟಡಕ್ಕೆ ತಾಗಿಕೊಂಡಿರದೆ ಹಿತ್ತಿಲ ಕಡೆಗೆ, ಬಾವಿಗೆ ಸಮೀಪವಾಗಿ ಇರುತ್ತಿತ್ತು. ಮುಳಿಹುಲ್ಲಿನ ಇಲ್ಲವೆ ಸೋಗೆಯ ಮಾಡಿನ ಕಾಲದಲ್ಲಿ ದಿನವೂ ದೊಡ್ಡ ಉರಿ ಏಳುವ ಒಲೆಯನ್ನು ಮನೆಯಿಂದ ದೂರವಿಡುವುದು ವಿವೇಕದ ಮಾತು. ಮುರಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ಒಲೆಯ ಮೇಲೆ ಹಂಡೆಯನ್ನು ಕೂರಿಸಿ ಕಂಠದವರೆಗೂ ಮಣ್ಣು ಮೆತ್ತುತ್ತಿದ್ದರು. ಬದಿಯಲ್ಲಿ ತಣ್ಣೀರಿಗೆ ಕಲ್ಲಿನ ಮರಿಗೆ, ಬೆರಸಿಕೊಳ್ಳಲು ಚೆಂಬು. ಈ ಪಾತ್ರೆಗೆ ತುಳುವರು 'ಮಂಡೆ' ಎಂದರು, ಕೊಂಕಣಿ ಮಾತನಾಡುವ ಕ್ರೈಸ್ತರು 'ಭಾಣ' ಎಂದರು, ಕನ್ನಡದವರು 'ಹಂಡೆ' ಎಂದರು. ಹೆಸರು ಮೂರಾದರೂ ಒಲೆಯ ವಿನ್ಯಾಸ ಒಂದೇ.

ಈ ವಿನ್ಯಾಸದ ಹಿಂದೆ ಪುಸ್ತಕದಲ್ಲಿ ಬರೆದಿಡದ ಶಾಸ್ತ್ರವೊಂದಿದೆ. ತಾಮ್ರವು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಂಡೆಯ ಅಗಲವಾದ ಹೊಟ್ಟೆ ಉರಿಗೆ ಹೆಚ್ಚು ಮೈಯೊಡ್ಡುತ್ತದೆ; ಕಿರಿದಾದ ಬಾಯಿ ಆವಿಯನ್ನು ಕಡಿಮೆ ಹೊರಬಿಡುತ್ತದೆ. ಸುತ್ತ ಮೆತ್ತಿದ ಮಣ್ಣು ಉರಿಯನ್ನು ಹೊಟ್ಟೆಯ ಸುತ್ತ ಆಡಿಸಿ ಕಾವನ್ನು ಹಿಡಿದಿಡುತ್ತದೆ. ತಳದಲ್ಲಿ ಕಾದ ನೀರು ಹಗುರಾಗಿ ಮೇಲಕ್ಕೇರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ; ಯಾರೂ ಕಲಕದೆಯೇ ಇಡೀ ಹಂಡೆ ಕಾಯುತ್ತದೆ. ಉರಿ ಆರಿದ ಮೇಲೂ ಕೆಂಡ ಮತ್ತು ಬಿಸಿಯಾದ ಕಲ್ಲು ನೀರಿನ ಬಿಸಿಯನ್ನು ಗಂಟೆಗಟ್ಟಲೆ ಉಳಿಸುತ್ತವೆ.

ಒಲೆಗೆ ಬೀಳುತ್ತಿದ್ದುದು ಹೆಚ್ಚಾಗಿ ತೋಟದ ಕಸವೇ. ತೆಂಗಿನ ಮಡಲು, ಕೊತ್ತಳಿಗೆ, ಕಾಯಿಸಿಪ್ಪೆ, ಗೆರಟೆ. ಅಡಕೆಯ ಸೋಗೆ, ಹಾಳೆ. ಅಡುಗೆಯ ಒಲೆಗೆ ಒಳ್ಳೆಯ ಸೌದೆ ಬೇಕು, ಹಂಡೆಯ ಒಲೆಗೆ ಏನಾದರೂ ನಡೆಯುತ್ತದೆ. ಅಲ್ಲಿಯ ಬೂದಿ ಮರಳಿ ತೆಂಗಿನ ಬುಡಕ್ಕೆ, ಮಿಂದ ನೀರು ಬಾಳೆಯ ಬುಡಕ್ಕೆ. ಮಳೆಗಾಲದಲ್ಲಿ ಒಣಗದ ಬಟ್ಟೆಗೂ ಅದೇ ಒಲೆಯ ಬಿಸಿ. ತೋಟ, ಬಾವಿ, ಒಲೆ, ಬಚ್ಚಲು ಹೀಗೆ ಒಂದು ಸುತ್ತಿನಲ್ಲಿ ಸೇರಿಕೊಂಡಿದ್ದವು.

ಈ ಹಂಡೆಗೆ ವರ್ಷದಲ್ಲಿ ಒಂದು ದಿನ ಪೂಜೆಯೂ ಇತ್ತು. ನರಕ ಚತುರ್ದಶಿಯ ಮುನ್ನಾದಿನ ಹಂಡೆಯನ್ನು ಹುಳಿ ಹಚ್ಚಿ ತಿಕ್ಕಿ, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯ ಹೊಸ ನೀರು ತುಂಬುವುದು ಕರಾವಳಿಯ ಆಚಾರ. ಮರುದಿನದ ಎಣ್ಣೆಸ್ನಾನವೇ ಹಬ್ಬದ ತಿರುಳಾದುದರಿಂದ ತುಳುವರು ಅದನ್ನು 'ಮೀಪಿನ ಪರ್ಬ', ಎಂದರೆ ಮೀಯುವ ಹಬ್ಬ ಎಂದೇ ಕರೆದರು. ಮಂಗಳೂರಿನ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನದ 'ರೋಸ್' ವಿಧಿಯಲ್ಲಿ ವಧುವಿಗೂ ವರನಿಗೂ ತೆಂಗಿನ ಹಾಲು, ಎಣ್ಣೆ ಹಚ್ಚಿ ಮೀಯಿಸುತ್ತಾರೆ. ಬಾಣಂತಿಯ ನಲವತ್ತು ದಿನಗಳಿಗೆ ಎಲ್ಲ ಸಮುದಾಯಗಳಲ್ಲೂ ಬಿಸಿನೀರೇ ಔಷಧ. ಹುಟ್ಟು, ಮದುವೆ, ಹಬ್ಬ ಮೂರಕ್ಕೂ ಹಂಡೆ ಸಾಕ್ಷಿ.

ಸೌದೆಯ ಲೆಕ್ಕ

ಇಲ್ಲಿಯವರೆಗಿನ ಚಿತ್ರ ಮನೋಹರವಾದುದು. ಆದರೆ ಚರಿತ್ರೆಯ ವಿದ್ಯಾರ್ಥಿ ಇಷ್ಟಕ್ಕೇ ನಿಲ್ಲಬಾರದು; ಲೆಕ್ಕ ಹಾಕಬೇಕು.

ಮಂಗಳೂರಿನ ಬಾವಿಯ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂದಿಟ್ಟುಕೊಳ್ಳೋಣ. ಹಿತವಾದ ಸ್ನಾನಕ್ಕೆ 42 ಡಿಗ್ರಿ ಬೇಕು. ಒಬ್ಬರಿಗೆ 20 ಲೀಟರ್ ಎಂದರೆ ಬೇಕಾಗುವ ಶಾಖ ಸುಮಾರು 1,260 ಕಿಲೋಜೂಲ್. ಒಣ ಸೌದೆ ಕಿಲೋಗೆ ಹೆಚ್ಚುಕಡಿಮೆ 15,000 ಕಿಲೋಜೂಲ್ ಶಾಖ ಕೊಡುತ್ತದೆಯಾದರೂ ತೆರೆದ ಒಲೆಯಲ್ಲಿ ಅದರ ಬಹುಭಾಗ ಹೊಗೆಯೊಡನೆ ಹೋಗಿಬಿಡುತ್ತದೆ. ನೂರಕ್ಕೆ ಹದಿನೈದು ಪಾಲು ನೀರಿಗೆ ಸೇರಿತೆಂದು ಹಿಡಿದರೆ ತಲೆಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಸೌದೆ. ಹನ್ನೆರಡು ಮಂದಿಯ ಕುಟುಂಬಕ್ಕೆ ದಿನಕ್ಕೆ ಆರೂವರೆ ಕಿಲೋ. ವರ್ಷಕ್ಕೆ ಎರಡು ಟನ್ನಿಗೂ ಮಿಕ್ಕಿ. ಜೊತೆಗೆ ದಿನವೂ 240 ಲೀಟರ್ ನೀರನ್ನು ಬಾವಿಯಿಂದ ಸೇದಿ ಕೊಡಪಾನದಲ್ಲಿ ಹೊತ್ತು ತರಬೇಕು. ಇದು ಮೀಯುವುದಕ್ಕೆ ಮಾತ್ರ. ಅಡುಗೆ, ಪಾತ್ರೆ, ಬಟ್ಟೆಯ ನೀರು ಬೇರೆ.

ಇಷ್ಟು ಸೌದೆ ಎಲ್ಲಿಂದ? ದಕ್ಷಿಣ ಕನ್ನಡದ ಭೂವ್ಯವಸ್ಥೆಯಲ್ಲಿ 'ಕುಮ್ಕಿ' ಎಂಬ ವಿಶಿಷ್ಟ ಸವಲತ್ತು ಇದೆ. ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ಮುಂತಾದವನ್ನು ತೆಗೆದುಕೊಳ್ಳುವ ಅನುಕೂಲ ಜಮೀನುದಾರನಿಗೆ ಇತ್ತು. 1964ರ ಭೂಕಂದಾಯ ಕಾಯಿದೆಯೂ ಇದನ್ನು ಉಳಿಸಿಕೊಂಡಿತು. ಗುತ್ತು, ಬೀಡುಗಳ ಹಂಡೆ ಆರದೆ ಉರಿದುದರ ಹಿಂದೆ ಈ ನೂರು ಗಜದ ಕಾಡಿತ್ತು. ವರ್ಗವಿಲ್ಲದವನಿಗೆ ಕುಮ್ಕಿಯೂ ಇಲ್ಲ. ಆ ಸೌದೆಯನ್ನು ಕಡಿದು ಹೊತ್ತು ತಂದ ಆಳು ಸಂಜೆ ಮೀಯುತ್ತಿದ್ದುದು ತೋಡಿನಲ್ಲಿ. ದಿನವೂ ಬಿಸಿನೀರು ಎಂಬುದು ಒಂದು ಅಂತಸ್ತಿನ ಗುರುತಾಗಿತ್ತು.

ಮನೆಯೊಳಗೂ ಹಂಚಿಕೆ ಸಮವಾಗಿರಲಿಲ್ಲ. ಮುಂಜಾವದಲ್ಲಿ ಎದ್ದು ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತ ಊದುಕೊಳವೆ ಹಿಡಿದು ಕುಳಿತವರು ಬಹುಮಟ್ಟಿಗೆ ಹೆಂಗಸರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನು ವರ್ಗೀಕರಿಸುವಾಗ ಸ್ನಾನಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟನು. ಸ್ನಾನವನ್ನು ಭೋಗವೆಂದು ಬಣ್ಣಿಸುವ ಪರಂಪರೆ ನಮಗೆ ಹೀಗೆ ದೀರ್ಘವಾಗಿಯೇ ಇದೆ. ಒಲೆಯ ಮುಂದೆ ಕುಳಿತವರ ಚರಿತ್ರೆಯನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ.

ಕೃತ, ಕಾರಿತ, ಅನುಮೋದನ

'ಬೆಂಕಿ ಯಾರ ಕೈಯಲ್ಲಿ' ಎಂಬ ಪ್ರಶ್ನೆಯನ್ನು ಅತಿ ಸೂಕ್ಷ್ಮವಾಗಿ ಕೇಳಿದ್ದು ಜೈನ ಆಚಾರಶಾಸ್ತ್ರ. ಆದುದರಿಂದ ಅದರ ಪರಿಭಾಷೆಯನ್ನು ಇಲ್ಲಿ ತುಸು ನೋಡುವುದು ಉಚಿತ.

ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು, ಆತನು ಮೀಯುವುದಿಲ್ಲ. ಆದರೆ ದಿನಕ್ಕೊಮ್ಮೆ ಆಹಾರದೊಡನೆ ಕುಡಿಯುವ ನೀರು ಪ್ರಾಸುಕ, ಎಂದರೆ ಜೀವರಹಿತವಾಗಿರಬೇಕು. ಅದಕ್ಕಾಗಿ ಶ್ರಾವಕರು ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಜತನದಿಂದ ಮರಳಿಸಿ, ಆ ಬಳಿಕ ಕಾಯಿಸುತ್ತಾರೆ. ಬರಿಯ ಸೋಸಿದ ನೀರಿಗೆ ಎರಡು ಘಳಿಗೆ, ಎಂದರೆ 48 ನಿಮಿಷ ಅವಧಿ. ಕುದಿಸಿದ ನೀರಿಗೆ ಒಂದು ಹಗಲು ಒಂದು ಇರುಳು. ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಎಷ್ಟೋ ಮೊದಲು ರೂಪುಗೊಂಡ ಈ ನಿಯಮಗಳನ್ನು ಇಂದಿನ ಆರೋಗ್ಯಶಾಸ್ತ್ರದ ಮುನ್ಸೂಚನೆ ಎಂದು ಹೊಗಳುವ ರೂಢಿಯಿದೆ. ಅವುಗಳ ಉದ್ದೇಶ ಬೇರೆ. ಅಲ್ಲಿರುವುದು ಕುಡಿಯುವವನ ಆರೋಗ್ಯದ ಕಾಳಜಿಗಿಂತ ಹೆಚ್ಚಾಗಿ ನೀರಿನಲ್ಲಿರುವ ಜೀವದ ಕುರಿತಾದ ಅಳುಕು.

ಈ ಅಳುಕಿನಿಂದಲೇ ಒಂದು ತೊಡಕು ಹುಟ್ಟುತ್ತದೆ. ನೀರು ಕಾಯಿಸಿದರೆ ಜಲಕಾಯ ಜೀವಗಳಿಗೆ ಹಿಂಸೆ. ಬೆಂಕಿ ಹಚ್ಚಿದರೆ ಅಗ್ನಿಕಾಯ ಜೀವಗಳಿಗೆ ಹಿಂಸೆ. ಗೃಹಸ್ಥನಿಗೆ ಇದು ಬಿಡಲಾಗದ ಆರಂಭ. ಮುನಿಗೆ ಸಲ್ಲದ ಕಾರ್ಯ. ಹಾಗಾದರೆ ಬೇರೆಯವರಿಂದ ಕಾಯಿಸಿಕೊಂಡರೆ ಮುನಿ ಹೊಣೆಯಿಂದ ಪಾರಾದಂತೆಯೆ? ಶಾಸ್ತ್ರ ಒಪ್ಪುವುದಿಲ್ಲ. ಕರ್ಮಕ್ಕೆ ಮೂರು ಬಾಗಿಲು: ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಮೆಚ್ಚಿದ್ದು ಅನುಮೋದನ. ಮನಸ್ಸು, ಮಾತು, ಕಾಯ ಎಂಬ ಮೂರರಿಂದ ಇವನ್ನು ಗುಣಿಸಿದರೆ ಒಂಬತ್ತು. ಈ ನವಕೋಟಿಯಲ್ಲೂ ಶುದ್ಧವಾದುದನ್ನು ಮಾತ್ರ ಮುನಿ ಸ್ವೀಕರಿಸಬಹುದು. ತನಗೆಂದೇ ಸಿದ್ಧಪಡಿಸಿದುದು ಸಲ್ಲದು.

ಈ ವಿಂಗಡಣೆಯ ಬೆಲೆ ಧರ್ಮಶಾಸ್ತ್ರಕ್ಕಷ್ಟೇ ಸೀಮಿತವಲ್ಲ. ಗೃಹೋಪಕರಣಗಳ ಚರಿತ್ರೆಯನ್ನು ಓದುವುದಕ್ಕೂ ಇದಕ್ಕಿಂತ ಹರಿತವಾದ ಸಾಧನ ದೊರೆಯಲಾರದು. ಗುತ್ತಿನ ಯಜಮಾನನ ಸ್ನಾನದಲ್ಲಿದ್ದ ಬೆಂಕಿ ಕಾರಿತ. ಒಲೆ ಹಚ್ಚಿದ ಹೆಂಗಸಿನದು ಕೃತ. ಇದೇ ಸಾಧನವನ್ನು ಹಿಡಿದು ಮುಂದಿನ ಕಾಲಕ್ಕೆ ಬರೋಣ.

ಹೆಂಚು, ತಾರಸಿ, ಗೀಸರ್

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ರೂಪಿಸಿದ ಈ ಉದ್ಯಮ ಕೆಲವು ದಶಕಗಳಲ್ಲಿ ನಗರದ ಗುರುತೇ ಆಯಿತು. ಹೆಂಚಿಗೆ ಉರಿಯ ಭಯವಿಲ್ಲ; ಅದರ ಅಡಿಯಲ್ಲಿ ಬಚ್ಚಲುಮನೆ ಮನೆಗೆ ಅಂಟಿಕೊಳ್ಳುವುದು ಸಾಧ್ಯವಾಯಿತು. ಆದರೆ ಹೆಂಚಿನ ಗೂಡುಗಳಿಗೂ ಕಾಡಿನ ಸೌದೆಯೇ ಬೇಕಾಗಿತ್ತು. ಪೇಟೆಯ ಮನೆಗಳಿಗೆ ತೋಟದ ಕಸ ಸಾಲದೆ ಸೌದೆ ಡಿಪೊ, ಮರದ ಮಿಲ್ಲಿನ ಹುಡಿ, ಕಾಯಿಸಿಪ್ಪೆಗಳನ್ನು ಹಣಕೊಟ್ಟು ತರುವ ಕಾಲ ಬಂತು. ಹಂಡೆಯ ಸ್ಥಾನಕ್ಕೆ ನಡುವೆ ಹೊಗೆಕೊಳವೆಯಿರುವ ತಾಮ್ರದ 'ಬಾಯ್ಲರ್' ಬಂದುದು ಈ ಕೊರತೆಗೆ ಒಂದು ಉತ್ತರ. ಉರಿ ನೀರಿನ ಮಧ್ಯದಲ್ಲಿಯೇ ಹಾದುಹೋಗುವುದರಿಂದ ಅದೇ ಸೌದೆಗೆ ಹೆಚ್ಚು ಬಿಸಿ.

ಗೀಸರಿನ ಆಗಮನಕ್ಕೆ ವಿದ್ಯುತ್ತೊಂದೇ ಕಾರಣವೆಂದು ಭಾವಿಸುವುದುಂಟು. ವಾಸ್ತವವಾಗಿ ಅದಕ್ಕೆ ಮೊದಲು ಮನೆಯ ಆಕಾರವೇ ಬದಲಾಗಬೇಕಾಯಿತು. ಗೀಸರಿಗೆ ನೀರು ತಾನಾಗಿ ಇಳಿದು ಬರಬೇಕು. ಎಂದರೆ ಎತ್ತರದಲ್ಲಿ ಟ್ಯಾಂಕಿ ಬೇಕು. ಇಳಿಜಾರಿನ ಹೆಂಚಿನ ಮಾಡಿನ ಮೇಲೆ ಟ್ಯಾಂಕಿ ಕೂರುವುದಿಲ್ಲ. ಕಾಂಕ್ರೀಟಿನ ತಾರಸಿ ಬೇಕು. ಬಾವಿಯ ರಾಟೆಯ ಬದಲಿಗೆ ಪಂಪು, ತುಂಬೆಯ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ನಳ್ಳಿನೀರು, ಮೇಲೆ ಟ್ಯಾಂಕಿ, ಗೋಡೆಯೊಳಗೆ ಪೈಪು, ಇವೆಲ್ಲ ಸೇರಿದ ಮೇಲೆಯೇ ಗೀಸರಿಗೆ ನೆಲೆ ದೊರೆತದ್ದು.

ಕುಟುಂಬದ ಆಕಾರವೂ ಬದಲಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂಟರ, ಜೈನರ ಅವಿಭಕ್ತ ಕುಟುಂಬಗಳು ಪಾಲಾಗಲು ದಾರಿ ತೆರೆಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ವ್ಯವಸ್ಥೆ ಕೊನೆಗೊಂಡಿತು. ನಲವತ್ತು ಮಂದಿಗೆ ನೀರು ಕಾಯಿಸುತ್ತಿದ್ದ ಮನೆಯಲ್ಲಿ ನಾಲ್ವರು ಉಳಿದರು. ಸೌದೆ ಹೊರುವ ಆಳು ಸ್ವಂತ ಭೂಮಿಯ ಒಡೆಯನಾದನು. ದೊಡ್ಡ ಹಂಡೆ ಅನಾಥವಾದುದು ಹೀಗೆ.

ಇನ್ನು ಯಂತ್ರದ ಒಳಗನ್ನು ನೋಡುವುದಾದರೆ, ಗೀಸರ್ ಕೂಡ ಹಂಡೆಯ ಮೊಮ್ಮಗುವೇ. ತಣ್ಣೀರು ಅದರ ತಳಕ್ಕೆ ಸೇರುತ್ತದೆ. ಕಾದು ಹಗುರಾದ ನೀರು ಮೇಲ್ಭಾಗದಿಂದ ಹೊರಡುತ್ತದೆ. ಹಂಡೆಯ ಸುತ್ತಲಿನ ಮಣ್ಣಿನ ಕೆಲಸವನ್ನು ಇಲ್ಲಿ ನೊರೆಯಂಥ ಶಾಖನಿರೋಧಕ ಮಾಡುತ್ತದೆ. ಕೈಯದ್ದಿ ಬಿಸಿ ನೋಡುತ್ತಿದ್ದ ಹೆಂಗಸಿನ ಕೆಲಸವನ್ನು ಥರ್ಮೊಸ್ಟಾಟ್ ಮಾಡುತ್ತದೆ. ಒತ್ತಡ ಮಿತಿಮೀರಿದರೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ. ಒಳಗೊಂದು ಮೆಗ್ನೀಸಿಯಮ್ ಸರಳು ತಾನು ಸವೆದು ಟ್ಯಾಂಕಿಯನ್ನು ತುಕ್ಕಿನಿಂದ ಉಳಿಸುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಟ್ಯಾಂಕಿಯೇ ತೂತಾಗುತ್ತದೆ. 15 ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2,000 ವ್ಯಾಟಿನ ಗೀಸರಿಗೆ ಸುಮಾರು 17 ನಿಮಿಷ, ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಸಾಕು. ತಣ್ಣೀರು ಬೆರೆಸಿದರೆ ಒಬ್ಬರಿಗೆ ಧಾರಾಳ.

ಕಾಣದ ಬೆಂಕಿ

ಸ್ವಿಚ್ಚು ಒತ್ತಿದವನಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಇದನ್ನು ಹಗುರವಾಗಿ ಕಾಣಬಾರದು. ಹಂಡೆಯ ಒಲೆಯನ್ನು ನೆನೆದು ನಿಟ್ಟುಸಿರು ಬಿಡುವವರಲ್ಲಿ ಅದರ ಮುಂದೆ ಕುಳಿತವರು ಕಡಿಮೆ. ಮುಂಜಾವದ ಒಂದು ಗಂಟೆಯ ನಿದ್ದೆ, ಹೊಗೆ ಕುಡಿಯದ ಶ್ವಾಸಕೋಶ, ಕೊಡಪಾನ ಹೊರದ ಸೊಂಟ ಇವು ಗೀಸರ್ ಕೊಟ್ಟ ನಿಜವಾದ ಬಿಡುಗಡೆಗಳು.

ಆದರೆ ಬೆಂಕಿ ಮಾಯವಾಗಲಿಲ್ಲ, ದೂರ ಸರಿಯಿತು. ರಾಜ್ಯದ ವಿದ್ಯುತ್ತಿನ ಒಂದು ಪಾಲು ಶರಾವತಿಯದು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೂ ಕಾಡೂ ಮುಳುಗಿವೆ. ಇನ್ನೊಂದು ಪಾಲು ಕಲ್ಲಿದ್ದಲಿನದು. ಮಂಗಳೂರಿಗೆ ಸಮೀಪದ ಪಡುಬಿದ್ರಿಯ ಬಳಿ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಸ್ಥಾವರವಿದೆ; ಅದರ ಕಲ್ಲಿದ್ದಲು ಕಡಲು ದಾಟಿ ನವಮಂಗಳೂರು ಬಂದರಿಗೆ ಬಂದಿಳಿಯುತ್ತದೆ. ಅಲ್ಲಿಯ ಕುಲುಮೆಯ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಆ ವಿದ್ಯುತ್ತನ್ನು ನಾವು ಮತ್ತೆ ಶಾಖವನ್ನಾಗಿಸುತ್ತೇವೆ. ನೂರು ಗಜದ ಕುಮ್ಕಿಯ ಬದಲಿಗೆ ಸಾವಿರಾರು ಮೈಲಿಯ ಕುಮ್ಕಿ. ಹಂಡೆಯ ಬೆಂಕಿ ಯಾರಾದರೊಬ್ಬರ ಕೃತವಾಗಿತ್ತು. ಗೀಸರಿನ ಬೆಂಕಿ ಮನೆಯ ಎಲ್ಲರಿಗೂ ಕಾರಿತ. ಮಾಡಿಸುವವನ ಹೊಣೆ ಮಾಡುವವನಿಗಿಂತ ಕಡಿಮೆಯಲ್ಲ ಎಂಬ ಹಳೆಯ ನಿಯಮ ಇಲ್ಲಿ ಹೊಸ ಅರ್ಥ ಪಡೆಯುತ್ತದೆ.

ಬೆಂಕಿಯೇ ಬೇಡವೆಂಬ ದಾರಿಯೂ ಇದೆ. ದಕ್ಷಿಣಕ್ಕೆ ಮುಖಮಾಡಿದ ಗಾಜಿನಡಿಯ ಕಪ್ಪು ತಗಡು ಬಿಸಿಲನ್ನು ಹೀರುತ್ತದೆ. ಕಾದ ನೀರು ಪಂಪಿನ ಹಂಗಿಲ್ಲದೆ ಮೇಲಿನ ಟ್ಯಾಂಕಿಗೆ ಏರುತ್ತದೆ. ಹಂಡೆಯೊಳಗೆ ನೀರು ಸುತ್ತುತ್ತಿದ್ದ ಅದೇ ತತ್ತ್ವ. ಆದರೆ ಕರಾವಳಿಗೆ ಒಂದು ವಿಪರ್ಯಾಸ: ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖವೇ ಅಪರೂಪ, ಬಿಸಿನೀರು ಬೇಕಾಗುವುದೂ ಆಗಲೇ. ಹೀಗಾಗಿ ಮಳೆಗಾಲದಲ್ಲಿ ಸೋಲಾರ್ ಟ್ಯಾಂಕಿಗೂ ವಿದ್ಯುತ್ತಿನ ಆಸರೆ ಬೇಕಾಗುತ್ತದೆ. ನಗರದ ಅಂಚಿನ ತೋಟದ ಮನೆಗಳಲ್ಲಿ ಸಿಪ್ಪೆ, ಗೆರಟೆಗಳ ಒಲೆ ಇಂದಿಗೂ ಹೊಗೆಯಾಡುತ್ತದೆ.

ಹಂಡೆಯ ಮೇಲಿನ ಬರಹ

ಕೊನೆಯದಾಗಿ ಸಂಶೋಧನಾರ್ಥಿಗಳಲ್ಲಿ ಒಂದು ವಿನಂತಿ. ಹಳೆಯ ಹಂಡೆ, ಕೊಪ್ಪರಿಗೆಗಳ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಕಾಣಸಿಗುತ್ತವೆ: ಮನೆತನದ ಹೆಸರು, ಕೊಟ್ಟವರ ಹೆಸರು, ಕೆಲವೊಮ್ಮೆ ಇಸವಿ. ಅಳಿಯಸಂತಾನದ ಮನೆಗಳಲ್ಲಿ ಯಾವ ಹೆಂಗಸಿಗೆ ಯಾವ ಪಾತ್ರೆ ಸೇರಿತ್ತು, ಪಾಲಿನಲ್ಲಿ ಅದು ಯಾವ ಕವರಿಗೆ ಹೋಯಿತು, ಆ ಕಾಲದ ಲಿಪಿಯ ರೂಪ ಹೇಗಿತ್ತು ಎಂಬುದಕ್ಕೆಲ್ಲ ಇವು ಆಕರಗಳು. ಬೇರೆ ದಾಖಲೆಗಳಲ್ಲಿ ಕಾಣಿಸದ ಹೆಂಗಸರ ಹೆಸರು ಇಲ್ಲಿ ಸಿಕ್ಕೀತು.

ಧರ್ಮಸ್ಥಳದ ಮಂಜೂಷಾ, ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಮುಂತಾದ ಸಂಗ್ರಹಗಳು ಜನಜೀವನದ ವಸ್ತುಗಳನ್ನು ಕಾಪಾಡುತ್ತಿವೆ. ಆದರೆ ಬಹುತೇಕ ಹಂಡೆಗಳ ಗತಿ ಗುಜರಿಯ ತಕ್ಕಡಿ. ತಾಮ್ರಕ್ಕೆ ಬೆಲೆಯಿದೆ, ಅಕ್ಷರಕ್ಕೆ ಇಲ್ಲ. ತಾಮ್ರಶಾಸನವೊಂದು ಕರಗಿತೆಂದರೆ ಮರುಗುವ ನಾವು ಹಂಡೆ ಕರಗುವಾಗ ಸುಮ್ಮನಿರುತ್ತೇವೆ. ಎಲ್ಲ ಹಂಡೆಗಳನ್ನು ಉಳಿಸುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ತಕ್ಕಡಿಗೆ ಏರಿಸುವ ಮೊದಲು ಹುಳಿ ಹಚ್ಚಿ ತಿಕ್ಕಿ, ಕಂಠದ ಮೇಲಿನ ಬರಹವನ್ನು ಓದಿ, ಒಂದು ಚಿತ್ರ ತೆಗೆದುಕೊಂಡು, ಮನೆಯ ಹಿರಿಯರಲ್ಲಿ ಒಂದು ಮಾತು ಕೇಳಿಕೊಂಡರೆ ಸಾಕು: "ಇದರ ಒಲೆಯನ್ನು ಹಚ್ಚುತ್ತಿದ್ದವರು ಯಾರು?"